ಬಡ ದೇಶಗಳ ವ್ಯಾಪಾರಕ್ಕೆ ದನಿಯಾದ ರೌಲ್ ಪ್ರೆಬಿಶ್

1968ರ ಫೆಬ್ರುವರಿ 1ರಂದು ನವದೆಹಲಿಯಲ್ಲಿ ವಿಶ್ವಸಂಸ್ಥೆಯ ವ್ಯಾಪಾರ ಮತ್ತು ಅಭಿವೃದ್ಧಿ ಸಮ್ಮೇಳನದ (ಅಂಕ್ಟಾಡ್) ಎರಡನೆಯ ಅಧಿವೇಶನ ಆರಂಭವಾಯಿತು. ನೂರಕ್ಕೂ ಹೆಚ್ಚು ದೇಶಗಳ ಪ್ರತಿನಿಧಿಗಳು ಸುಮಾರು ಎರಡು ತಿಂಗಳ ಕಾಲ ಭಾರತದ ರಾಜಧಾನಿಯಲ್ಲಿ ನೆರೆದು ಒಂದೇ ಪ್ರಶ್ನೆಯ ಸುತ್ತ ಚರ್ಚಿಸಿದರು. ಚಹ, ಕಾಫಿ, ಸೆಣಬು, ಹತ್ತಿ, ತಾಮ್ರಗಳನ್ನು ಮಾರಿ ಬದುಕುವ ದೇಶಗಳು, ಕಾರ್ಖಾನೆಯ ಸರಕುಗಳನ್ನು ಮಾರುವ ದೇಶಗಳ ಸಮಕ್ಕೆ ಬರುವುದು ಹೇಗೆ ಎಂಬುದೇ ಆ ಪ್ರಶ್ನೆ. ಸಮಾವೇಶದ ಸೂತ್ರಧಾರ, ಅಂಕ್ಟಾಡ್‌ನ ಮೊದಲ ಪ್ರಧಾನ ಕಾರ್ಯದರ್ಶಿ ಅರ್ಜೆಂಟೀನಾದ ಅರ್ಥಶಾಸ್ತ್ರಜ್ಞ ರೌಲ್ ಪ್ರೆಬಿಶ್. ಆಗ ಅವರಿಗೆ 66 ವರ್ಷ.

ಇಪ್ಪತ್ತನೆಯ ಶತಮಾನದಲ್ಲಿ ವ್ಯಾಪಾರ ನೀತಿಯ ಕುರಿತು ಅಭಿವೃದ್ಧಿಶೀಲ ದೇಶಗಳು ಯೋಚಿಸುವ ಕ್ರಮವನ್ನೇ ಬದಲಿಸಿದ ಕೆಲವೇ ಮಂದಿಯಲ್ಲಿ ಪ್ರೆಬಿಶ್ ಒಬ್ಬರು. ಆಮದಿನ ಎದುರು ಸುಂಕದ ಗೋಡೆ ಕಟ್ಟಲು ಬಡ ದೇಶಗಳಿಗೆ ಕಲಿಸಿದವರು ಎಂದು ಒಂದು ಪಂಗಡ ಅವರನ್ನು ದೂರಿತು. ಸಿರಿವಂತ ದೇಶಗಳೊಡನೆ ರಾಜಿಗೆ ಸಿದ್ಧರಿದ್ದ ಮೃದು ಸ್ವಭಾವದವರು ಎಂದು ಇನ್ನೊಂದು ಪಂಗಡ ಜರೆಯಿತು. ಎರಡೂ ಅರ್ಧಸತ್ಯಗಳೇ. ಮುಕ್ತ ವ್ಯಾಪಾರದ ನಿಷ್ಠಾವಂತ ವಿದ್ಯಾರ್ಥಿಯಾಗಿ ಬದುಕು ಆರಂಭಿಸಿದ ಪ್ರೆಬಿಶ್, ಅನುಭವದ ಪೆಟ್ಟಿನಿಂದ ಸಂರಕ್ಷಣೆಯ ಪ್ರತಿಪಾದಕರಾದರು. ಅದೇ ಸಂರಕ್ಷಣೆ ಅತಿಯಾದಾಗ ಅದನ್ನು ಟೀಕಿಸಿದವರಲ್ಲಿಯೂ ಮೊದಲಿಗರಾದರು. ಅವರ ಜೀವನದ ನಿಜವಾದ ಪಾಠವಿರುವುದು ಈ ಬದಲಾವಣೆಗಳಲ್ಲಿ.

ಸಕ್ಕರೆಯ ಸೀಮೆಯಿಂದ ರಾಜಧಾನಿಗೆ

ಪ್ರೆಬಿಶ್ ಹುಟ್ಟಿದ್ದು 1901ರ ಏಪ್ರಿಲ್ 17ರಂದು, ಅರ್ಜೆಂಟೀನಾದ ವಾಯವ್ಯ ಭಾಗದ ತುಕುಮಾನ್ ನಗರದಲ್ಲಿ. ತಂದೆ ಜರ್ಮನಿಯಿಂದ ವಲಸೆ ಬಂದವರು. ತಾಯಿ ಆ ಪ್ರದೇಶದ ಹಳೆಯ ಪ್ರತಿಷ್ಠಿತ ಮನೆತನಕ್ಕೆ ಸೇರಿದವರು. ಬ್ಯೂನಸ್ ಐರಿಸ್ ನಗರದ ಗುರುತಾಗಿರುವ ಬೃಹತ್ ಸ್ಮಾರಕ ಸ್ತಂಭವನ್ನು 1936ರಲ್ಲಿ ವಿನ್ಯಾಸಗೊಳಿಸಿದ ವಾಸ್ತುಶಿಲ್ಪಿ ಆಲ್ಬರ್ಟೊ ಪ್ರೆಬಿಶ್ ಇವರ ಸಹೋದರ.

ತುಕುಮಾನ್ ಕಬ್ಬಿನ ಸೀಮೆ. ವಿದೇಶಿ ಸಕ್ಕರೆಯ ಮೇಲೆ ಸರ್ಕಾರ ಹೇರಿದ್ದ ಸುಂಕದ ನೆರಳಿನಲ್ಲಿಯೇ ಅಲ್ಲಿನ ಸಕ್ಕರೆ ಕಾರ್ಖಾನೆಗಳು ಬೆಳೆದಿದ್ದವು. ಆದರೆ ದೇಶದ ಉಳಿದ ಭಾಗದ ಬದುಕು ಬೇರೆಯೇ ಆಗಿತ್ತು. ವಿಶಾಲವಾದ ಪಾಂಪಾಸ್ ಹುಲ್ಲುಗಾವಲಿನ ಗೋಧಿ ಮತ್ತು ದನದ ಮಾಂಸ ಹಡಗೇರಿ ಬ್ರಿಟನ್ನಿಗೆ ಹೋಗುತ್ತಿದ್ದವು. ಅಲ್ಲಿಂದ ರೈಲು ಎಂಜಿನ್, ಕಲ್ಲಿದ್ದಲು, ಬಟ್ಟೆ ಬರುತ್ತಿದ್ದವು. ಈ ವಿನಿಮಯದಿಂದ ಅರ್ಜೆಂಟೀನಾ ಎಷ್ಟು ಸಿರಿವಂತವಾಗಿತ್ತೆಂದರೆ, ಮೊದಲ ಮಹಾಯುದ್ಧದ ಹೊತ್ತಿಗೆ ಅದರ ತಲಾ ಆದಾಯ ಇಟಲಿ ಮತ್ತು ಸ್ಪೇನ್ ದೇಶಗಳದನ್ನು ಮೀರಿತ್ತು. ಯಾವ ದೇಶಕ್ಕೆ ಯಾವ ಸರಕು ಸುಲಭವೋ ಅದನ್ನೇ ಉತ್ಪಾದಿಸಿ, ಉಳಿದುದನ್ನು ಕೊಂಡುಕೊಳ್ಳುವುದೇ ಜಾಣತನ ಎಂಬ ತೌಲನಿಕ ಅನುಕೂಲದ ಸಿದ್ಧಾಂತಕ್ಕೆ ಅದಕ್ಕಿಂತ ಒಳ್ಳೆಯ ಜಾಹೀರಾತು ಬೇಕಿರಲಿಲ್ಲ.

1918ರಲ್ಲಿ ಪ್ರೆಬಿಶ್ ಬ್ಯೂನಸ್ ಐರಿಸ್ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ಸೇರಿದರು. ಅಧ್ಯಾಪಕರಿಗಿಂತ ಗ್ರಂಥಗಳನ್ನೇ ಹೆಚ್ಚು ನಂಬಿದ ಅವರು, ಯುರೋಪಿನ ಅರ್ಥಶಾಸ್ತ್ರ ಕೃತಿಗಳನ್ನು ಆಳವಾಗಿ ಓದಿಕೊಂಡರು. ಅಂಕಿ ಅಂಶಗಳ ಮೇಲಿನ ಹಿಡಿತ ಅವರನ್ನು ಬೇಗನೆ ಗುರುತಿಸುವಂತೆ ಮಾಡಿತು. 1922ರಲ್ಲಿ ಜಾನುವಾರು ಭೂಮಾಲೀಕರ ಪ್ರಬಲ ಸಂಘವಾದ ಅರ್ಜೆಂಟೀನಾ ಗ್ರಾಮೀಣ ಸೊಸೈಟಿಯ ಅಂಕಿ ಅಂಶ ವಿಭಾಗದಲ್ಲಿ ಕೆಲಸ ದೊರೆಯಿತು. 1925ರಲ್ಲಿ, ಇಪ್ಪತ್ತನಾಲ್ಕನೆಯ ವಯಸ್ಸಿಗೇ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದರು. ಬಳಿಕ ಸರ್ಕಾರಿ ಸ್ವಾಮ್ಯದ ರಾಷ್ಟ್ರೀಯ ಬ್ಯಾಂಕಿನ ಸಂಶೋಧನಾ ವಿಭಾಗವನ್ನು ಕಟ್ಟಿದರು. ಆ ದಿನಗಳಲ್ಲಿ ಮುಕ್ತ ವ್ಯಾಪಾರ, ಚಿನ್ನದ ಮಾನಕ, ಸಮತೋಲಿತ ಮುಂಗಡಪತ್ರ ಇವುಗಳಲ್ಲಿ ಅವರಿಗೆ ಪೂರ್ಣ ನಂಬಿಕೆಯಿತ್ತು.

ಮಹಾ ಕುಸಿತ ಕಲಿಸಿದ ಪಾಠ

1929ರ ಮಹಾ ಆರ್ಥಿಕ ಕುಸಿತ ಆ ನಂಬಿಕೆಯನ್ನು ಅಲುಗಾಡಿಸಿತು. ಗೋಧಿ, ಮೆಕ್ಕೆಜೋಳ, ಮಾಂಸ, ಉಣ್ಣೆಯ ಬೆಲೆಗಳು ನೆಲಕಚ್ಚಿದವು. ಆಮದು ಮಾಡಿಕೊಳ್ಳುವ ಯಂತ್ರಗಳ ಬೆಲೆ ಅದೇ ಪ್ರಮಾಣದಲ್ಲಿ ಇಳಿಯಲಿಲ್ಲ. 1930ರ ಸೇನಾ ಕ್ರಾಂತಿಯ ನಂತರ ಹಣಕಾಸು ಇಲಾಖೆಯ ಅಧೀನ ಕಾರ್ಯದರ್ಶಿಯಾದ ಪ್ರೆಬಿಶ್, ಮೊದಲು ಪಠ್ಯಪುಸ್ತಕದ ಔಷಧವನ್ನೇ ಪ್ರಯೋಗಿಸಿದರು. ಸರ್ಕಾರಿ ವೆಚ್ಚ ಕಡಿತವಾಯಿತು, ತೆರಿಗೆಗಳು ಏರಿದವು, ವಿದೇಶಿ ಸಾಲದ ಕಂತುಗಳು ತಪ್ಪದೆ ಪಾವತಿಯಾದವು. ರೋಗ ಮಾತ್ರ ಉಲ್ಬಣಿಸಿತು. ಕೊಳ್ಳುವವರೇ ಇಲ್ಲದ ಲೋಕದಲ್ಲಿ ಮಾರಾಟಗಾರನೊಬ್ಬನೇ ನಿಯಮ ಪಾಲಿಸಿದರೆ ಉಳಿಗಾಲವಿಲ್ಲ ಎಂಬುದನ್ನು ಅವರು ಕಚೇರಿಯ ಮೇಜಿನ ಮುಂದೆ ಕುಳಿತೇ ಕಂಡುಕೊಂಡರು.

ಎರಡನೆಯ ಪಾಠ ಲಂಡನ್ನಿನಲ್ಲಿ ಕಾದಿತ್ತು. 1932ರಲ್ಲಿ ಬ್ರಿಟನ್ ಒಟ್ಟಾವಾ ಒಪ್ಪಂದದ ಮೂಲಕ ತನ್ನ ಸಾಮ್ರಾಜ್ಯದ ದೇಶಗಳಿಗೆ ಆಮದಿನಲ್ಲಿ ಆದ್ಯತೆ ನೀಡಲು ನಿರ್ಧರಿಸಿತು. ಆಸ್ಟ್ರೇಲಿಯ, ನ್ಯೂಜಿಲೆಂಡುಗಳ ಮಾಂಸಕ್ಕೆ ಬಾಗಿಲು ತೆರೆದು ಅರ್ಜೆಂಟೀನಾದ ಮಾಂಸಕ್ಕೆ ಮುಚ್ಚುವ ಅಪಾಯ ಎದುರಾಯಿತು. ಉಪಾಧ್ಯಕ್ಷ ಹೂಲಿಯೊ ರೋಕಾ ನೇತೃತ್ವದ ನಿಯೋಗ ಸಂಧಾನಕ್ಕೆ ತೆರಳಿತು. ಪ್ರೆಬಿಶ್ ಅದರ ತಾಂತ್ರಿಕ ಸಲಹೆಗಾರರಾಗಿದ್ದರು. 1933ರ ಮೇ 1ರಂದು ಸಹಿಯಾದ ರೋಕಾ–ರನ್ಸಿಮನ್ ಒಪ್ಪಂದದಲ್ಲಿ, ಶೀತಲೀಕೃತ ಮಾಂಸದ ಖರೀದಿಯನ್ನು ಹಿಂದಿನ ಮಟ್ಟದಲ್ಲಿ ಉಳಿಸಿಕೊಳ್ಳುವ ಭರವಸೆಯನ್ನು ಬ್ರಿಟನ್ ನೀಡಿತು. ಪ್ರತಿಯಾಗಿ ಅರ್ಜೆಂಟೀನಾ ಬ್ರಿಟಿಷ್ ಸರಕುಗಳ ಸುಂಕ ಇಳಿಸಬೇಕಾಯಿತು. ಕಲ್ಲಿದ್ದಲನ್ನು ಸುಂಕವಿಲ್ಲದೆ ಬಿಟ್ಟುಕೊಂಡು, ಬ್ರಿಟಿಷ್ ಕಂಪನಿಗಳಿಗೆ ಅನುಕೂಲಕರ ಉಪಚಾರದ ಭರವಸೆ ಕೊಡಬೇಕಾಯಿತು. ಮಾಂಸ ರಫ್ತು ಕೋಟಾದಲ್ಲಿ ದೇಶೀಯ ಸಂಸ್ಕರಣಾ ಘಟಕಗಳ ಪಾಲಿಗೆ ದೊರೆತದ್ದು ಶೇ 15 ಮಾತ್ರ. ಉಳಿದುದು ವಿದೇಶಿ ಕಂಪನಿಗಳ ಪಾಲಾಯಿತು.

ತಾಯ್ನಾಡಿನಲ್ಲಿ ಈ ಒಪ್ಪಂದವನ್ನು ಶರಣಾಗತಿ ಎಂದೇ ಕರೆಯಲಾಯಿತು. ಅದರ ಕಳಂಕ ಪ್ರೆಬಿಶ್ ಅವರನ್ನೂ ಜೀವನವಿಡೀ ಬೆನ್ನಟ್ಟಿತು. ಒಂದೇ ಸರಕನ್ನು ಒಂದೇ ಮಾರುಕಟ್ಟೆಗೆ ಮಾರುವ ದೇಶಕ್ಕೆ ಚೌಕಾಶಿ ಮಾಡುವ ಶಕ್ತಿ ಎಷ್ಟು ಕಡಿಮೆ ಎಂಬುದನ್ನು ಅವರಷ್ಟು ಹತ್ತಿರದಿಂದ ಕಂಡವರು ವಿರಳ.

ಕೇಂದ್ರ ಬ್ಯಾಂಕಿನಿಂದ ನಿರುದ್ಯೋಗಕ್ಕೆ

1935ರಲ್ಲಿ ಅರ್ಜೆಂಟೀನಾದ ಕೇಂದ್ರ ಬ್ಯಾಂಕ್ ಸ್ಥಾಪನೆಯಾದಾಗ 34 ವರ್ಷದ ಪ್ರೆಬಿಶ್ ಅದರ ಮೊದಲ ಮಹಾ ವ್ಯವಸ್ಥಾಪಕರಾದರು. ಒಳ್ಳೆಯ ಫಸಲಿನ ವರ್ಷದಲ್ಲಿ ಹರಿದುಬಂದ ಹಣವನ್ನು ಸಾಲಪತ್ರಗಳ ಮೂಲಕ ಹೀರಿಕೊಂಡು, ಕೆಟ್ಟ ವರ್ಷದಲ್ಲಿ ಅದನ್ನು ಆಸರೆಯಾಗಿ ಬಳಸುವ ಕ್ರಮವನ್ನು ಅವರು ರೂಪಿಸಿದರು. ಬ್ಯಾಂಕಿನ ಶಿಸ್ತು ಮತ್ತು ಸಂಶೋಧನೆಯ ಗುಣಮಟ್ಟ ಲ್ಯಾಟಿನ್ ಅಮೆರಿಕದಾದ್ಯಂತ ಹೆಸರಾಯಿತು.

ಈ ಅವಧಿಯಲ್ಲಿ ಅವರ ಗಮನ ಸೆಳೆದ ಇನ್ನೊಂದು ಸಂಗತಿಯಿತ್ತು. ಜಗತ್ತಿನ ಆರ್ಥಿಕ ನಾಯಕತ್ವ ಬ್ರಿಟನ್ನಿನಿಂದ ಅಮೆರಿಕಕ್ಕೆ ಜಾರುತ್ತಿತ್ತು. ಬ್ರಿಟನ್ ಆಹಾರವನ್ನು ಹೊರಗಿನಿಂದ ಕೊಳ್ಳುತ್ತಿದ್ದ ದೇಶ. ಅದು ಗಳಿಸಿದ ಹಣ ಆಮದಿನ ರೂಪದಲ್ಲಿ ಹೊರಲೋಕಕ್ಕೆ ಮರಳುತ್ತಿತ್ತು. ಅಮೆರಿಕವಾದರೋ ಗೋಧಿ, ಮಾಂಸಗಳನ್ನು ತಾನೇ ಬೆಳೆಯುವ, ಎತ್ತರದ ಸುಂಕಗಳ ಹಿಂದೆ ನಿಂತ ದೇಶ. ಅರ್ಜೆಂಟೀನಾಕ್ಕೆ ಬೇಕಾದ ಯಂತ್ರಗಳು ಅಮೆರಿಕದಲ್ಲಿ ದೊರೆಯುತ್ತಿದ್ದವು. ಆದರೆ ಅದರ ಮಾಂಸಕ್ಕೆ ಅಲ್ಲಿ ಮಾರುಕಟ್ಟೆ ಇರಲಿಲ್ಲ. ಡಾಲರ್ ಕೊರತೆಯ ಮೂಲ ಇದೇ ಎಂದು ಅವರಿಗೆ ಮನದಟ್ಟಾಯಿತು. ಕೃಷಿಯ ಜೊತೆಗೆ ಕೈಗಾರಿಕೆಯನ್ನೂ ಬೆಳೆಸಿ, ನೆರೆಯ ಬ್ರೆಜಿಲ್‌ನೊಡನೆ ವ್ಯಾಪಾರ ವಿಸ್ತರಿಸುವ ಯೋಜನೆಯೊಂದು 1940ರಲ್ಲಿ ಸಿದ್ಧವಾಯಿತು. ಸಂಸತ್ತಿನ ರಾಜಕೀಯ ಜಗಳದಲ್ಲಿ ಅದು ಬಿದ್ದುಹೋಯಿತು.

1943ರ ಜೂನ್‌ನಲ್ಲಿ ಮತ್ತೊಂದು ಸೇನಾ ಕ್ರಾಂತಿ ನಡೆಯಿತು. ಅದೇ ಅಕ್ಟೋಬರ್‌ನಲ್ಲಿ ಪ್ರೆಬಿಶ್ ಹುದ್ದೆಯಿಂದ ವಜಾಗೊಂಡರು. ಎಂಟು ವರ್ಷ ಕಟ್ಟಿ ಬೆಳೆಸಿದ ಸಂಸ್ಥೆಯ ಬಾಗಿಲು ಅವರಿಗೆ ಮುಚ್ಚಿತು. ಪಾಠ ಹೇಳುತ್ತ, ಮೆಕ್ಸಿಕೊ ಮೊದಲಾದ ದೇಶಗಳ ಕೇಂದ್ರ ಬ್ಯಾಂಕುಗಳಿಗೆ ಸಲಹೆ ನೀಡುತ್ತ ದಿನ ಕಳೆದರು. 1947ರಲ್ಲಿ ಕೇನ್ಸ್ ಸಿದ್ಧಾಂತವನ್ನು ಸ್ಪ್ಯಾನಿಷ್ ಓದುಗರಿಗೆ ಪರಿಚಯಿಸುವ ಕೃತಿ ಪ್ರಕಟಿಸಿದರು. ಪೆರೋನ್ ಆಡಳಿತದಲ್ಲಿ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಹುದ್ದೆಯೂ 1948ರಲ್ಲಿ ಕೈತಪ್ಪಿತು. ನಡುವಯಸ್ಸಿನಲ್ಲಿ ಸ್ವದೇಶದಲ್ಲಿ ನೆಲೆ ಕಳೆದುಕೊಂಡ ಈ ಅಧಿಕಾರಿಗೆ ಜಗತ್ತಿನ ವೇದಿಕೆ ದೊರೆತದ್ದು ಆ ನಂತರವೇ.

ಹವಾನಾದಲ್ಲಿ ಮಂಡಿಸಿದ ವರದಿ

ವಿಶ್ವಸಂಸ್ಥೆ 1948ರಲ್ಲಿ ಚಿಲಿಯ ರಾಜಧಾನಿ ಸ್ಯಾಂಟಿಯಾಗೊದಲ್ಲಿ ಲ್ಯಾಟಿನ್ ಅಮೆರಿಕದ ಆರ್ಥಿಕ ಆಯೋಗವನ್ನು ಸ್ಥಾಪಿಸಿತು. ಅದರ ಮುಖ್ಯಸ್ಥರಾಗಲು ಬಂದ ಆಹ್ವಾನವನ್ನು ಮೊದಲು ನಿರಾಕರಿಸಿದ್ದ ಪ್ರೆಬಿಶ್, 1949ರ ಆರಂಭದಲ್ಲಿ ಸಲಹೆಗಾರರಾಗಿ ಸೇರಿದರು. ಅದೇ ಮೇ ತಿಂಗಳಲ್ಲಿ ಹವಾನಾದಲ್ಲಿ ನಡೆದ ಆಯೋಗದ ಸಭೆಯಲ್ಲಿ ಅವರು ಮಂಡಿಸಿದ ವರದಿ ಖಂಡದ ಆರ್ಥಿಕ ಚಿಂತನೆಯ ದಿಕ್ಕನ್ನೇ ತಿರುಗಿಸಿತು.

ವರದಿಯ ತಳಹದಿ ಒಂದು ಪುಟ್ಟ ಕೋಷ್ಟಕ. ಬ್ರಿಟನ್ನಿನ ವ್ಯಾಪಾರದ ದಾಖಲೆಗಳನ್ನು ಆಧರಿಸಿ ವಿಶ್ವಸಂಸ್ಥೆಯ ಸಿಬ್ಬಂದಿ ಸಿದ್ಧಪಡಿಸಿದ್ದ ಅಂಕಿ ಅಂಶಗಳು ಅದರಲ್ಲಿದ್ದವು. 1876–80ರ ಅವಧಿಯಲ್ಲಿ ಒಂದಿಷ್ಟು ಕಚ್ಚಾ ಸರಕನ್ನು ಮಾರಿ ಕೊಳ್ಳಬಹುದಾಗಿದ್ದ ಕಾರ್ಖಾನೆ ಸರಕಿನ ಪ್ರಮಾಣ 100 ಎಂದಿಟ್ಟುಕೊಂಡರೆ, 1936–38ರ ಹೊತ್ತಿಗೆ ಅದು 64.1ಕ್ಕೆ ಇಳಿದಿತ್ತು. 1946–47ರಲ್ಲಿ 68.7 ಆಗಿತ್ತು. ಎಂದರೆ ಅಷ್ಟೇ ಸರಕನ್ನು ಬೆಳೆದು ಕಳುಹಿಸಿದ ದೇಶಕ್ಕೆ ಎರಡು ತಲೆಮಾರುಗಳ ನಂತರ ಮೂರರಲ್ಲಿ ಎರಡು ಪಾಲಿನಷ್ಟು ಮಾತ್ರ ಪ್ರತಿಫಲ ದೊರೆಯುತ್ತಿತ್ತು. ನ್ಯೂಯಾರ್ಕ್‌ನ ವಿಶ್ವಸಂಸ್ಥೆ ಕಚೇರಿಯಲ್ಲಿದ್ದ ಹ್ಯಾನ್ಸ್ ಸಿಂಗರ್ ಅದೇ ಕಾಲಕ್ಕೆ ಇದೇ ನಿರ್ಣಯ ತಲುಪಿದ್ದರಿಂದ ಇದು ಪ್ರೆಬಿಶ್–ಸಿಂಗರ್ ಸಿದ್ಧಾಂತ ಎಂದು ಹೆಸರಾಯಿತು.

ಇದಕ್ಕೆ ಪ್ರೆಬಿಶ್ ನೀಡಿದ ವಿವರಣೆ ಸರಳವಾಗಿತ್ತು. ಯಂತ್ರಗಳು ಸುಧಾರಿಸಿ ಉತ್ಪಾದಕತೆ ಹೆಚ್ಚಿದಾಗ ಸರಕಿನ ಬೆಲೆ ಇಳಿಯಬೇಕು. ಕೈಗಾರಿಕಾ ದೇಶಗಳಲ್ಲಿ ಹಾಗಾಗಲಿಲ್ಲ. ಸಂಘಟಿತ ಕಾರ್ಮಿಕರು ಕೂಲಿಯ ರೂಪದಲ್ಲಿ, ಉದ್ಯಮಿಗಳು ಲಾಭದ ರೂಪದಲ್ಲಿ ಅದರ ಫಲವನ್ನು ತಮ್ಮಲ್ಲಿಯೇ ಉಳಿಸಿಕೊಂಡರು. ಕಚ್ಚಾ ಸರಕು ಬೆಳೆಯುವ ದೇಶಗಳಲ್ಲಿ ಕೆಲಸ ಹುಡುಕುವ ಕೈಗಳು ಯಥೇಚ್ಛವಾಗಿದ್ದುದರಿಂದ ಕೂಲಿ ಏರಲಿಲ್ಲ. ಉತ್ಪಾದಕತೆಯ ಫಲ ಅಗ್ಗದ ಬೆಲೆಯಾಗಿ ಕೊಳ್ಳುವವರ ಪಾಲಾಯಿತು. ಜೊತೆಗೆ, ಆದಾಯ ದ್ವಿಗುಣಗೊಂಡ ಮಾತ್ರಕ್ಕೆ ಯಾರೂ ಎರಡು ಪಟ್ಟು ಬ್ರೆಡ್ಡು ತಿನ್ನುವುದಿಲ್ಲ. ಹೆಚ್ಚಿನ ಹಣ ಕಾರು, ರೇಡಿಯೊಗಳಿಗೆ ಹೋಗುತ್ತದೆ. ಹೀಗೆ ಜಗತ್ತು ಕೈಗಾರಿಕೆಯ ಕೇಂದ್ರ ಮತ್ತು ಕಚ್ಚಾ ಸರಕಿನ ಪರಿಧಿ ಎಂದು ಎರಡಾಗಿ ಒಡೆದಿದೆ, ತಂತಾನೆ ಈ ಅಂತರ ಮುಚ್ಚುವುದಿಲ್ಲ ಎಂಬುದು ಅವರ ವಾದ. ಪರಿಧಿಯ ದೇಶಗಳು ಕೈಗಾರಿಕೆಗಳನ್ನು ಬೆಳೆಸಬೇಕು, ಆ ಹಂತದಲ್ಲಿ ಎಳೆಯ ಉದ್ಯಮಗಳಿಗೆ ಸುಂಕದ ರಕ್ಷಣೆ ಅನಿವಾರ್ಯ ಎಂಬುದು ಅದರ ಫಲಿತಾಂಶ.

ವಿರೋಧವೂ ಪ್ರಬಲವಾಗಿತ್ತು. ಜೇಕಬ್ ವೈನರ್, ಗಾಟ್‌ಫ್ರೀಡ್ ಹ್ಯಾಬರ್ಲರ್ ಮುಂತಾದ ಖ್ಯಾತನಾಮರು ಲೆಕ್ಕಾಚಾರದ ಬುಡವನ್ನೇ ಪ್ರಶ್ನಿಸಿದರು. ಬ್ರಿಟನ್ನಿನ ಆಮದಿನ ಬೆಲೆಯಲ್ಲಿ ಹಡಗು ಸಾಗಣೆಯ ವೆಚ್ಚವೂ ಸೇರಿತ್ತು. ಆ ವೆಚ್ಚ ಇಳಿದುದರಿಂದಲೂ ಕಚ್ಚಾ ಸರಕು ಅಗ್ಗವಾದಂತೆ ಕಂಡಿರಬಹುದು. 1880ರ ಯಂತ್ರಕ್ಕೂ 1946ರ ಯಂತ್ರಕ್ಕೂ ಗುಣದಲ್ಲಿ ಅಜಗಜಾಂತರ ಇರುವುದನ್ನು ಬೆಲೆಯ ಸೂಚ್ಯಂಕ ತೋರಿಸುವುದಿಲ್ಲ. ಈ ಆಕ್ಷೇಪಗಳಲ್ಲಿ ಹುರುಳಿತ್ತು. ಆದರೂ ಪ್ರೆಬಿಶ್ ನಿಧನರಾಗಿ ಎರಡು ವರ್ಷಗಳ ನಂತರ, 1988ರಲ್ಲಿ, ಎಂಜೊ ಗ್ರಿಲ್ಲಿ ಮತ್ತು ಮಾವ್ ಚೆಂಗ್ ಯಾಂಗ್ ಇಪ್ಪತ್ತನೆಯ ಶತಮಾನದ ಬೆಲೆಗಳನ್ನು ಹೊಸದಾಗಿ ಜೋಡಿಸಿ ನೋಡಿದಾಗ, ಇಳಿಕೆಯ ವೇಗ ಕಡಿಮೆಯಾದರೂ ದಿಕ್ಕು ಅದೇ ಎಂದು ಕಂಡುಬಂದಿತು. ವಿದ್ವಾಂಸರ ಚರ್ಚೆ ಇಂದಿಗೂ ಮುಗಿದಿಲ್ಲ.

ಗೋಡೆಯ ಒಳಗಿನ ಕೈಗಾರಿಕೆ

1950ರಲ್ಲಿ ಪ್ರೆಬಿಶ್ ಆಯೋಗದ ಕಾರ್ಯನಿರ್ವಾಹಕ ಕಾರ್ಯದರ್ಶಿಯಾದರು. ಸೆಲ್ಸೊ ಫುರ್ಟಾಡೊ ಅವರಂಥ ಪ್ರತಿಭಾವಂತ ಯುವಕರು ಅವರ ಸುತ್ತ ಸೇರಿದರು. ಸ್ವತಂತ್ರ ಮನೋವೃತ್ತಿಯ ಈ ಆಯೋಗವನ್ನು ಅಮೆರಿಕ ರಾಜ್ಯಗಳ ಸಂಘಟನೆಯೊಳಗೆ ವಿಲೀನಗೊಳಿಸಲು ಅಮೆರಿಕ 1951ರಲ್ಲಿ ಪ್ರಯತ್ನಿಸಿತು. ಬ್ರೆಜಿಲ್‌ನ ಅಧ್ಯಕ್ಷ ವರ್ಗಾಸ್ ಬೆಂಬಲಕ್ಕೆ ನಿಂತಿದ್ದರಿಂದ ಅದು ಉಳಿಯಿತು.

ಮುಂದಿನ ಹದಿನೈದು ವರ್ಷ ಲ್ಯಾಟಿನ್ ಅಮೆರಿಕದ ದೊಡ್ಡ ದೇಶಗಳಲ್ಲಿ ಕಾರ್ಖಾನೆಗಳು ಶರವೇಗದಲ್ಲಿ ಬೆಳೆದವು. ಬಟ್ಟೆ, ಸಿಮೆಂಟ್, ಉಕ್ಕು, ಗೃಹೋಪಯೋಗಿ ಸಾಮಗ್ರಿಗಳು ದೇಶದೊಳಗೇ ತಯಾರಾದವು. ಆದರೆ ಆಮದು ಬದಲಿ ನೀತಿಯ ಒಳಗೇ ಒಂದು ಬಲೆಯೂ ಇತ್ತು. ಸುಂಕದ ರಕ್ಷಣೆ ಪಡೆದ ಉದ್ಯಮಿಗೆ ಸ್ಪರ್ಧೆಯ ಭಯವಿಲ್ಲದ್ದರಿಂದ ವೆಚ್ಚ ತಗ್ಗಿಸುವ, ಗುಣಮಟ್ಟ ಹೆಚ್ಚಿಸುವ ತುರ್ತು ಉಳಿಯಲಿಲ್ಲ. ಚಿಲಿಯಂಥ ಪುಟ್ಟ ದೇಶದಲ್ಲಿಯೂ 1960ರ ದಶಕದ ಆರಂಭದಲ್ಲಿ ಹತ್ತಾರು ಕಾರು ಜೋಡಣಾ ಘಟಕಗಳು ತಲೆಯೆತ್ತಿದ್ದವು. ಪ್ರತಿಯೊಂದೂ ತಯಾರಿಸುತ್ತಿದ್ದುದು ಬೆರಳೆಣಿಕೆಯ ಕಾರುಗಳನ್ನು. ಅವುಗಳ ಬಿಡಿಭಾಗಗಳಿಗೆ, ಯಂತ್ರಗಳಿಗೆ ವಿದೇಶಿ ವಿನಿಮಯ ಬೇಕು. ಅದನ್ನು ಗಳಿಸಿಕೊಡುವುದು ಮತ್ತದೇ ಕಚ್ಚಾ ಸರಕಿನ ರಫ್ತು. ಕೈಗಾರಿಕೆಗೆ ಅನುಕೂಲವಾಗಲೆಂದು ನಾಣ್ಯದ ಮೌಲ್ಯವನ್ನು ಕೃತಕವಾಗಿ ಎತ್ತರದಲ್ಲಿ ಇಟ್ಟಿದ್ದರಿಂದ ರೈತನ ರಫ್ತು ಸೊರಗಿತು. ತಯಾರಾದ ಸರಕು ಹೊರಗೆ ಮಾರಾಟವಾಗಲಿಲ್ಲ.

ಇದನ್ನು ಬಹಿರಂಗವಾಗಿ ಹೇಳಿದವರಲ್ಲಿ ಪ್ರೆಬಿಶ್ ಅವರೇ ಮುಂಚೂಣಿಯಲ್ಲಿದ್ದರು. 1960ರ ದಶಕದ ಆರಂಭದ ಬರಹಗಳಲ್ಲಿ, ಲ್ಯಾಟಿನ್ ಅಮೆರಿಕದ ಸುಂಕಗಳು ಜಗತ್ತಿನಲ್ಲಿಯೇ ಅತ್ಯಂತ ಎತ್ತರದವುಗಳಲ್ಲಿ ಸೇರಿವೆ, ಅವು ಸ್ಪರ್ಧೆಯನ್ನು ಕೊಂದು ಹಾಕಿವೆ, ಕೈಗಾರಿಕಾ ಸರಕುಗಳ ರಫ್ತನ್ನು ಕಡೆಗಣಿಸಿದ್ದು ದೊಡ್ಡ ತಪ್ಪು ಎಂದು ಅವರು ಎಚ್ಚರಿಸಿದರು. ಸಣ್ಣ ಸಣ್ಣ ಮಾರುಕಟ್ಟೆಗಳನ್ನು ಒಂದುಗೂಡಿಸುವುದೇ ಪರಿಹಾರ ಎಂದು ನಂಬಿ ಪ್ರಾದೇಶಿಕ ವ್ಯಾಪಾರ ಒಕ್ಕೂಟಕ್ಕಾಗಿ ಶ್ರಮಿಸಿದರು. 1960ರ ಫೆಬ್ರುವರಿಯಲ್ಲಿ ಮೊಂಟೆವಿಡಿಯೊ ಒಪ್ಪಂದಕ್ಕೆ ಏಳು ದೇಶಗಳು ಸಹಿ ಹಾಕಿದವು. ಆದರೆ ತಮ್ಮ ರಕ್ಷಿತ ಉದ್ಯಮಗಳನ್ನು ನೆರೆಯವರ ಸ್ಪರ್ಧೆಗೆ ಒಡ್ಡಲು ಯಾವ ಸರ್ಕಾರವೂ ಮನಸ್ಸು ಮಾಡಲಿಲ್ಲ. ಸುಂಕದ ಗೋಡೆ ಕಟ್ಟುವ ಸಲಹೆಯನ್ನು ಒಡನೆಯೇ ಸ್ವೀಕರಿಸಿದವರು, ಅದನ್ನು ತಗ್ಗಿಸುವ ಸಲಹೆಗೆ ಕಿವಿಗೊಡಲಿಲ್ಲ.

ತಾಯ್ನಾಡಿನ ಅನುಭವವೂ ಕಹಿಯಾಗಿತ್ತು. 1955ರ ಸೆಪ್ಟೆಂಬರ್‌ನಲ್ಲಿ ಪೆರೋನ್ ಪದಚ್ಯುತರಾದ ಮೇಲೆ ಹೊಸ ಸರ್ಕಾರ ಪ್ರೆಬಿಶ್ ಅವರ ಸಲಹೆ ಕೇಳಿತು. ನಾಣ್ಯದ ಅಪಮೌಲ್ಯ, ಕೃಷಿ ರಫ್ತಿಗೆ ಉತ್ತೇಜನ, ವೆಚ್ಚದಲ್ಲಿ ಶಿಸ್ತು ಇವು ಅವರ ಶಿಫಾರಸುಗಳು. ಪೆರೋನ್ ಬೆಂಬಲಿಗರು ಮಾತ್ರವಲ್ಲದೆ ಕೈಗಾರಿಕೀಕರಣದ ಪರವಾಗಿದ್ದವರೂ ಅವರನ್ನು ಖಂಡಿಸಿದರು. ರೋಕಾ–ರನ್ಸಿಮನ್ ಒಪ್ಪಂದದ ಹಳೆಯ ಆರೋಪ ಮತ್ತೆ ಜೀವ ಪಡೆಯಿತು.

ಜಿನೀವಾದಿಂದ ದೆಹಲಿಗೆ

1963ರಲ್ಲಿ ವಿಶ್ವಸಂಸ್ಥೆಯ ಪ್ರಧಾನ ಕಾರ್ಯದರ್ಶಿ ಊ ಥಾಂಟ್, ವ್ಯಾಪಾರ ಮತ್ತು ಅಭಿವೃದ್ಧಿಯ ಕುರಿತ ಜಾಗತಿಕ ಸಮ್ಮೇಳನದ ಹೊಣೆಯನ್ನು ಪ್ರೆಬಿಶ್ ಅವರಿಗೆ ವಹಿಸಿದರು. ಆಗ ಜಾಗತಿಕ ವ್ಯಾಪಾರದ ನಿಯಮಗಳನ್ನು ರೂಪಿಸುತ್ತಿದ್ದುದು 1947ರಲ್ಲಿ ಏರ್ಪಟ್ಟ ಗ್ಯಾಟ್ ಒಪ್ಪಂದ. ಭಾರತ ಅದರ ಆರಂಭಿಕ ಸದಸ್ಯ ರಾಷ್ಟ್ರಗಳಲ್ಲೊಂದು. ಆದರೆ ಗ್ಯಾಟ್‌ನ ಸುಂಕ ಕಡಿತದ ಮಾತುಕತೆಗಳು ಸಿರಿವಂತ ದೇಶಗಳ ಕೈಗಾರಿಕಾ ಸರಕುಗಳ ಸುತ್ತಲೇ ನಡೆಯುತ್ತಿದ್ದವು. ಬಡ ದೇಶಗಳಿಗೆ ಮುಖ್ಯವಾದ ಕೃಷಿ ಉತ್ಪನ್ನ ಮತ್ತು ಬಟ್ಟೆಯ ಬಾಗಿಲುಗಳು ಮುಚ್ಚಿಯೇ ಇದ್ದವು.

1964ರ ಮಾರ್ಚ್ 23ರಿಂದ ಜೂನ್ 16ರವರೆಗೆ ಜಿನೀವಾದಲ್ಲಿ 120 ದೇಶಗಳು ಸೇರಿದವು. ಇದೇ ಗತಿಯಲ್ಲಿ ಸಾಗಿದರೆ 1970ರ ಹೊತ್ತಿಗೆ ಅಭಿವೃದ್ಧಿಶೀಲ ದೇಶಗಳ ವ್ಯಾಪಾರ ಕೊರತೆ ವರ್ಷಕ್ಕೆ 2,000 ಕೋಟಿ ಡಾಲರ್ ತಲುಪಬಹುದೆಂದು ಪ್ರೆಬಿಶ್ ವರದಿ ಅಂದಾಜಿಸಿತ್ತು. ಅವರ ಬೇಡಿಕೆಗಳು ಮುಖ್ಯವಾಗಿ ಎರಡು. ಕಚ್ಚಾ ಸರಕುಗಳ ಬೆಲೆಯನ್ನು ಸ್ಥಿರಗೊಳಿಸುವ ಅಂತರರಾಷ್ಟ್ರೀಯ ಒಪ್ಪಂದಗಳು ಬೇಕು. ಬಡ ದೇಶಗಳ ಕಾರ್ಖಾನೆ ಸರಕುಗಳಿಗೆ ಸಿರಿವಂತ ದೇಶಗಳಲ್ಲಿ ಸುಂಕ ವಿನಾಯಿತಿ ಬೇಕು. ಸಮ್ಮೇಳನದ ಕೊನೆಯಲ್ಲಿ 77 ದೇಶಗಳು ಒಂದಾಗಿ ನಿಂತವು. ಇಂದು 130ಕ್ಕೂ ಹೆಚ್ಚು ಸದಸ್ಯರಿರುವ ಜಿ–77 ಗುಂಪು ಹುಟ್ಟಿದ್ದು ಹೀಗೆ. ಆ ವರ್ಷಾಂತ್ಯದಲ್ಲಿ ಅಂಕ್ಟಾಡ್ ವಿಶ್ವಸಂಸ್ಥೆಯ ಕಾಯಂ ಅಂಗವಾಯಿತು. ಮರುವರ್ಷ ಗ್ಯಾಟ್ ಒಪ್ಪಂದಕ್ಕೆ ಅಭಿವೃದ್ಧಿಶೀಲ ದೇಶಗಳ ವ್ಯಾಪಾರ ಕುರಿತ ಹೊಸ ಭಾಗವೊಂದು ಸೇರಿತು.

ದೆಹಲಿ ಅಧಿವೇಶನ ಭಾರತಕ್ಕೂ ಕಷ್ಟದ ಕಾಲದಲ್ಲಿ ನಡೆಯಿತು. ಎರಡನೆಯ ಪಂಚವಾರ್ಷಿಕ ಯೋಜನೆಯಿಂದ ಭಾರತವೂ ಆಮದು ಬದಲಿಯ ಹಾದಿ ಹಿಡಿದಿತ್ತು. ಪರವಾನಗಿ, ಕೋಟಾಗಳ ನಡುವೆ ವಿದೇಶಿ ವಿನಿಮಯ ಬರಿದಾಗಿ 1966ರ ಜೂನ್‌ನಲ್ಲಿ ರೂಪಾಯಿಯನ್ನು ಅಪಮೌಲ್ಯಗೊಳಿಸಲಾಗಿತ್ತು. ಎರಡು ತಿಂಗಳ ಚರ್ಚೆಯ ನಂತರ ದೊರೆತ ಗಟ್ಟಿ ಫಲ ಒಂದೇ. ಬಡ ದೇಶಗಳ ಸರಕಿಗೆ ಸುಂಕ ರಿಯಾಯಿತಿ ನೀಡುವ ಸಾಮಾನ್ಯ ಆದ್ಯತಾ ವ್ಯವಸ್ಥೆಗೆ (ಜಿಎಸ್‌ಪಿ) ತಾತ್ವಿಕ ಒಪ್ಪಿಗೆ ಸಿಕ್ಕಿತು. ಯುರೋಪ್ ಮತ್ತು ಜಪಾನ್ 1971ರಲ್ಲಿ, ಅಮೆರಿಕ 1976ರಲ್ಲಿ ಅದನ್ನು ಜಾರಿಗೆ ತಂದವು. ಕಚ್ಚಾ ಸರಕಿನ ಬೆಲೆ ಕುರಿತ ಬೇಡಿಕೆ ಹಾಗೆಯೇ ಉಳಿಯಿತು. ನಿರಾಶರಾದ ಪ್ರೆಬಿಶ್ ಮುಂದಿನ ವರ್ಷದ ಹೊತ್ತಿಗೆ ಅಂಕ್ಟಾಡ್ ತೊರೆದರು. ಭಾರತ 1974ರ ಸಾಲಿನ ಜವಾಹರಲಾಲ್ ನೆಹರೂ ಅಂತರರಾಷ್ಟ್ರೀಯ ಸೌಹಾರ್ದ ಪ್ರಶಸ್ತಿಯನ್ನು ಅವರಿಗೆ ನೀಡಿ ಗೌರವಿಸಿತು.

ಪೂರ್ವ ಏಷ್ಯದ ಉತ್ತರ

ಜಿನೀವಾ ಸಮ್ಮೇಳನ ನಡೆದ 1964ರಲ್ಲಿಯೇ ದಕ್ಷಿಣ ಕೊರಿಯ ತನ್ನ ವಾರ್ಷಿಕ ರಫ್ತು 10 ಕೋಟಿ ಡಾಲರ್ ತಲುಪಿದ್ದನ್ನು ಸಂಭ್ರಮದಿಂದ ಆಚರಿಸಿತು. 1977ರಲ್ಲಿ ಆ ಮೊತ್ತ 1,000 ಕೋಟಿ ಡಾಲರ್ ಆಗಿತ್ತು. ಕೊರಿಯ ಬಾಗಿಲನ್ನು ಪೂರ್ಣವಾಗಿ ತೆರೆದಿಟ್ಟು ಬೆಳೆದ ದೇಶವಲ್ಲ. ಅದೂ ಆಮದನ್ನು ನಿರ್ಬಂಧಿಸಿತು, ಆಯ್ದ ಉದ್ಯಮಗಳಿಗೆ ಅಗ್ಗದ ಸಾಲ ಕೊಟ್ಟಿತು. ವ್ಯತ್ಯಾಸವಿದ್ದುದು ಷರತ್ತಿನಲ್ಲಿ. ಸರ್ಕಾರದ ನೆರವು ಪಡೆದ ಕಂಪನಿ ನಿಗದಿತ ಗುರಿಯಷ್ಟು ರಫ್ತು ಮಾಡಲೇಬೇಕಿತ್ತು. ಹೊರಗಿನ ಮಾರುಕಟ್ಟೆಯೇ ಅದರ ಪರೀಕ್ಷೆಯ ಕೊಠಡಿಯಾಯಿತು. ಅರ್ಜೆಂಟೀನಾದಲ್ಲಿ, ಭಾರತದಲ್ಲಿ ರಕ್ಷಣೆ ಹಕ್ಕಾಗಿ ಪರಿಣಮಿಸಿತು, ಹೊಣೆಯಾಗಲಿಲ್ಲ. ಪ್ರೆಬಿಶ್ 1960ರ ದಶಕದಲ್ಲಿ ಬೇಡಿದ್ದು ಇಂಥ ತಿದ್ದುಪಡಿಯನ್ನೇ. ಅವರ ಹೆಸರು ಹೇಳಿಕೊಂಡು ಆಡಳಿತ ನಡೆಸಿದವರು ಅದನ್ನು ಮಾಡಲಿಲ್ಲ.

ಇತ್ತ ಪ್ರೆಬಿಶ್ ಹಲವು ವರ್ಷ ದುಡಿದಿದ್ದ ಸ್ಯಾಂಟಿಯಾಗೊದಲ್ಲಿಯೇ ಲೋಲಕ ಇನ್ನೊಂದು ತುದಿಗೆ ವಾಲಿತು. 1973ರ ಸೇನಾ ಕ್ರಾಂತಿಯ ನಂತರ ಚಿಲಿಯ ಆಡಳಿತ 1979ರ ವೇಳೆಗೆ ಬಹುತೇಕ ಎಲ್ಲ ಸುಂಕವನ್ನೂ ಶೇ 10ಕ್ಕೆ ಇಳಿಸಿತು. 1982ರಲ್ಲಿ ಸಾಲದ ಬಿಕ್ಕಟ್ಟು ಇಡೀ ಖಂಡವನ್ನು ಆವರಿಸಿತು. 1976ರಿಂದ ಆಯೋಗದ ಆರ್ಥಿಕ ಪತ್ರಿಕೆಯ ಸಂಪಾದಕತ್ವ ವಹಿಸಿದ್ದ ಪ್ರೆಬಿಶ್, ಸರ್ವಮುಕ್ತ ಮಾರುಕಟ್ಟೆಯ ಪ್ರಯೋಗವನ್ನೂ ಟೀಕಿಸಿ ಬರೆದರು. 1981ರಲ್ಲಿ ಪ್ರಕಟವಾದ ಪರಿಧಿಯ ಬಂಡವಾಳಶಾಹಿ ಕುರಿತ ಕೃತಿಯಲ್ಲಿ ಅವರು ತಮ್ಮ ಚಿಂತನೆಯನ್ನು ಇನ್ನಷ್ಟು ಮುಂದಕ್ಕೆ ಒಯ್ದರು. ಕೇಂದ್ರ ದೇಶಗಳಷ್ಟೇ ಅಲ್ಲ, ಬಡ ದೇಶಗಳ ಸಿರಿವಂತ ವರ್ಗವೂ ಗಳಿಕೆಯನ್ನು ಹೂಡಿಕೆ ಮಾಡದೆ ಅನುಕರಣೆಯ ಭೋಗಕ್ಕೆ ಸುರಿಯುತ್ತಿದೆ ಎಂಬುದು ಅವರ ಅಂತಿಮ ವರ್ಷಗಳ ಕಳವಳವಾಗಿತ್ತು.

ಅರ್ಜೆಂಟೀನಾದಲ್ಲಿ ಪ್ರಜಾಪ್ರಭುತ್ವ ಮರಳಿದ ಮೇಲೆ ಅಧ್ಯಕ್ಷ ಅಲ್ಫೋನ್ಸಿನ್ ಅವರ ಸಲಹೆಗಾರರಾಗಿ ಸ್ವದೇಶಕ್ಕೆ ಬಂದರಾದರೂ, ಅಲ್ಲಿ ಅವರ ಮಾತಿಗೆ ಹೆಚ್ಚಿನ ಮನ್ನಣೆ ಸಿಗಲಿಲ್ಲ. 1986ರ ಏಪ್ರಿಲ್ 29ರಂದು, ತಮ್ಮ 85ನೆಯ ವಯಸ್ಸಿನಲ್ಲಿ, ಅವರು ಚಿಲಿಯ ಸ್ಯಾಂಟಿಯಾಗೊದಲ್ಲಿ ನಿಧನರಾದರು.

ಕೊಡಗಿನ ತೋಟದವರೆಗೆ

ಪ್ರೆಬಿಶ್ ಎತ್ತಿದ ಪ್ರಶ್ನೆ ಕರ್ನಾಟಕಕ್ಕೆ ಅಪರಿಚಿತವಲ್ಲ. ದೇಶದ ಕಾಫಿಯಲ್ಲಿ ಸುಮಾರು ಶೇ 70ರಷ್ಟು ಬೆಳೆಯುವುದು ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳಲ್ಲಿ. 1962ರ ಅಂತರರಾಷ್ಟ್ರೀಯ ಕಾಫಿ ಒಪ್ಪಂದ ರಫ್ತಿನ ಕೋಟಾ ನಿಗದಿಪಡಿಸಿ ಬೆಲೆಗೆ ಆಸರೆ ನೀಡುತ್ತಿತ್ತು. 1989ರ ಜುಲೈನಲ್ಲಿ ಆ ಕೋಟಾ ವ್ಯವಸ್ಥೆ ಮುರಿದುಬಿದ್ದಾಗ ಬೆಲೆ ಕುಸಿಯಿತು. 2000ದ ದಶಕದ ಆರಂಭದಲ್ಲಿ ಬೆಲೆ ಮತ್ತೆ ಪಾತಾಳಕ್ಕಿಳಿದು ಸಣ್ಣ ಬೆಳೆಗಾರರು ಸಾಲದಲ್ಲಿ ಮುಳುಗಿದರು. 2024ರಲ್ಲಿ ರೋಬಸ್ಟಾ ಬೆಲೆ ದಾಖಲೆ ಮಟ್ಟ ಮುಟ್ಟಿದಾಗ ಅದೇ ತೋಟಗಳಲ್ಲಿ ಹರ್ಷ ಮೂಡಿತು. ಇಳಿಕೆಯನ್ನಾಗಲಿ ಏರಿಕೆಯನ್ನಾಗಲಿ ನಿರ್ಧರಿಸಿದ್ದು ಬೆಳೆಗಾರನಲ್ಲ. ಯುರೋಪಿನ ಸಾಮಾನ್ಯ ಸುಂಕಪಟ್ಟಿಯಲ್ಲಿ ಹಸಿ ಕಾಫಿ ಬೀಜಕ್ಕೆ ಸುಂಕವಿಲ್ಲ, ಹುರಿದ ಬೀಜಕ್ಕೆ ಸುಂಕವಿದೆ. ಕಚ್ಚಾ ಸರಕನ್ನು ಕೊಟ್ಟು, ಅದರ ಮೌಲ್ಯ ಹೆಚ್ಚಿಸುವ ಕೆಲಸವನ್ನು ಬಿಟ್ಟುಕೊಡಿ ಎಂಬುದೇ ಅದರ ಒಳಾರ್ಥ.

ದೆಹಲಿಯಲ್ಲಿ ಗಳಿಸಿದ ರಿಯಾಯಿತಿಯೂ ಶಾಶ್ವತವಾಗಿರಲಿಲ್ಲ. ಕೊಡುವವರು ಬಯಸಿದಾಗ ಹಿಂತೆಗೆದುಕೊಳ್ಳಬಹುದಾದ ಸವಲತ್ತು ಅದು. ಜಿಎಸ್‌ಪಿಯಿಂದ ಅತಿ ಹೆಚ್ಚು ಪ್ರಯೋಜನ ಪಡೆಯುತ್ತಿದ್ದ ದೇಶಗಳಲ್ಲೊಂದಾದ ಭಾರತವನ್ನು ಅಮೆರಿಕ 2019ರ ಜೂನ್ 5ರಂದು ಆ ಪಟ್ಟಿಯಿಂದ ಕೈಬಿಟ್ಟಿತು. ಒಂದೇ ಮಾರುಕಟ್ಟೆಯ ಕೃಪೆಯನ್ನು ನಂಬಿದರೆ ಏನಾಗುತ್ತದೆ ಎಂಬುದನ್ನು ಪ್ರೆಬಿಶ್ 1933ರಲ್ಲಿಯೇ ಲಂಡನ್ನಿನಲ್ಲಿ ಕಂಡಿದ್ದರು.

1991ರ ಆರ್ಥಿಕ ಸುಧಾರಣೆಯ ನಂತರ ಭಾರತದ ಸುಂಕಗಳು ಗಣನೀಯವಾಗಿ ಇಳಿದವು, ಬೆಳವಣಿಗೆ ಚುರುಕುಗೊಂಡಿತು. ಹಾಗೆಂದು ಪ್ರೆಬಿಶ್ ಅವರ ಪ್ರಶ್ನೆ ಹಳತಾಗಿಲ್ಲ. ಯಾವ ಉದ್ಯಮಕ್ಕೆ ರಕ್ಷಣೆ, ಎಷ್ಟು ವರ್ಷ, ಅದಕ್ಕೆ ಪ್ರತಿಯಾಗಿ ಆ ಉದ್ಯಮ ಸಮಾಜಕ್ಕೆ ಏನು ಕೊಡಬೇಕು ಎಂಬುದನ್ನು ಮೊದಲೇ ತೀರ್ಮಾನಿಸದ ದೇಶಕ್ಕೆ ಸುಂಕ ಏರಿಸಿದರೂ, ಇಳಿಸಿದರೂ ಹೆಚ್ಚಿನ ಲಾಭವಾಗದು. ಬೆಲೆ ಕುಸಿತ, ವಜಾ, ನಿಂದನೆಗಳ ನಡುವೆ ಐದು ದಶಕ ಆ ಲೆಕ್ಕವನ್ನು ಮತ್ತೆ ಮತ್ತೆ ಬಿಡಿಸಿ, ತಪ್ಪಿದಲ್ಲಿ ತಿದ್ದಿಕೊಂಡ ಪ್ರೆಬಿಶ್ ಬಿಟ್ಟುಹೋದ ಎಚ್ಚರಿಕೆ ಅದೇ.